ಹಳೆಯ ಸೋಲಾರ್ ಪ್ಯಾನೆಲ್‌ಗೆ ದುಡ್ಡು ಕೊಡುವವರು ಯಾರು?

ಜಗತ್ತಿನಲ್ಲಿರುವ ಸೋಲಾರ್ ಪ್ಯಾನೆಲ್‌ಗಳ ಒಟ್ಟು ಸಾಮರ್ಥ್ಯ ಒಂದು ಟೆರಾವ್ಯಾಟ್, ಅಂದರೆ ಒಂದು ಲಕ್ಷ ಕೋಟಿ ವ್ಯಾಟ್, ಮುಟ್ಟಿದ್ದು 2022ರಲ್ಲಿ. ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೌರಕೋಶ ತಯಾರಾದದ್ದು 1954ರಲ್ಲಿ. ಅಂದರೆ ಮೊದಲ ಟೆರಾವ್ಯಾಟ್‌ಗೆ ಹೆಚ್ಚುಕಮ್ಮಿ ಏಳು ದಶಕ ಹಿಡಿಯಿತು. ಎರಡನೆಯದಕ್ಕೆ ಮೂರು ವರ್ಷವೂ ಹಿಡಿಯಲಿಲ್ಲ. 2024ರ ಕೊನೆಗೇ ಬಂದುಬಿಟ್ಟಿತು.

ಈ ವೇಗವನ್ನು ಗಮನದಲ್ಲಿ ಇಟ್ಟುಕೊಂಡರೆ ಸೋಲಾರ್ ಕಸದ ಚರ್ಚೆ ಯಾಕೆ ಅರ್ಧಂಬರ್ಧವಾಗಿದೆ ಎಂದು ಗೊತ್ತಾಗುತ್ತದೆ. ಒಂದು ಪ್ಯಾನೆಲ್ 25ರಿಂದ 30 ವರ್ಷ ಬಾಳುತ್ತದೆ. ಈಗ ಬಿಸಿಲಿಗೆ ನಿಂತಿರುವವುಗಳಲ್ಲಿ ಬಹುಪಾಲು ಇನ್ನೂ ಎಳೆಯವು. ಹಾಗಾಗಿ ಕಸದ ರಾಶಿ ಸದ್ಯಕ್ಕೆ ಚಿಕ್ಕದು. ರಾಶಿ ಚಿಕ್ಕದಿದ್ದರೆ ಮರುಬಳಕೆ ಕಾರ್ಖಾನೆಗೆ ಮಾಲು ಸಾಲದು. ಮಾಲು ಸಾಲದಿದ್ದರೆ ಬಂಡವಾಳ ಹಾಕುವವರು ಮುಂದೆ ಬರುವುದಿಲ್ಲ. ಸರ್ಕಾರಗಳೂ 'ಆಮೇಲೆ ನೋಡೋಣ' ಎನ್ನುತ್ತವೆ. ಆ 'ಆಮೇಲೆ' ಬರುವ ಹೊತ್ತಿಗೆ ಪ್ಯಾನೆಲ್ ಮಾರಿದ ಕಂಪನಿ ಇರುತ್ತದೆಯೋ ಇಲ್ಲವೋ ಹೇಳುವವರಿಲ್ಲ.

ಮೊದಲು ರಾಶಿಯ ಗಾತ್ರ ನೋಡೋಣ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹೊರಹಾಕಿತು. ಅದರಲ್ಲಿ ಸೋಲಾರ್ ಪ್ಯಾನೆಲ್‌ಗಳ ಪಾಲು 6 ಲಕ್ಷ ಟನ್. ಅಂದರೆ ನೂರಕ್ಕೆ ಒಂದು ಪಾಲು ಅಷ್ಟೇ. 2030ಕ್ಕೆ ಅದು 24 ಲಕ್ಷ ಟನ್ ಆಗಬಹುದು ಎಂಬುದು ಅದೇ ವರದಿಯ ಅಂದಾಜು. ಇನ್ನೂ ದೂರಕ್ಕೆ ನೋಡಿದ್ದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ, ಅಂದರೆ ಐರಿನಾ. 2050ರ ಹೊತ್ತಿಗೆ ಒಟ್ಟು 7.8 ಕೋಟಿ ಟನ್ ತನಕ ಪ್ಯಾನೆಲ್‌ಗಳು ಕೆಳಗಿಳಿದಿರುತ್ತವೆ ಎಂದು ಅದು 2016ರಲ್ಲೇ ಹೇಳಿತ್ತು.

ಕೇಳಿದರೆ ಎದೆ ಧಸಕ್ ಎನ್ನುವ ಸಂಖ್ಯೆ. ಹಾಗೆ ಗಾಬರಿಯಾಗಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ಸಂಶೋಧಕರು 2023ರಲ್ಲಿ ಒಂದು ಲೆಕ್ಕ ಮುಂದಿಟ್ಟರು. 2050ರವರೆಗೆ ಜಗತ್ತಿನಲ್ಲಿ ಬೀಳುವ ಕಲ್ಲಿದ್ದಲ ಬೂದಿಯ ತೂಕ, ಅಷ್ಟೇ ಕಾಲದ ಸೋಲಾರ್ ಪ್ಯಾನೆಲ್ ಕಸಕ್ಕಿಂತ 300ರಿಂದ 800 ಪಟ್ಟು ಜಾಸ್ತಿ ಇರುತ್ತದೆ ಎಂದರು. ಆ ಬೂದಿಯಲ್ಲೂ ವಿಷದ ಲೋಹಗಳಿವೆ. 'ಸೋಲಾರ್ ಅಂದರೆ ಮುಂದಿನ ಪೀಳಿಗೆಗೆ ವಿಷದ ಗುಡ್ಡ' ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಮಾತಿಗೆ ಇಷ್ಟು ಉತ್ತರ ಸಾಕು. ಹಾಗಂತ ಸುಮ್ನೆ ಕೂರುವಂತೆಯೂ ಇಲ್ಲ. ಕಸ ಕಡಿಮೆ ಇರುವ ಕಾಲದಲ್ಲೇ ನಿಯಮ ಮಾಡುವುದು ಸುಲಭ. ಅದು ಜಾಸ್ತಿ ಆದ ಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಹೊಣೆ ಹಾಕುತ್ತಾರೆ.

ಐರಿನಾದ ಅಂದಾಜಿನಲ್ಲಿ ಎರಡು ದಾರಿಗಳಿದ್ದವು ಎಂಬುದನ್ನು ಇಲ್ಲೇ ಹೇಳಬೇಕು. ಪ್ಯಾನೆಲ್‌ಗಳೆಲ್ಲ ಪೂರ್ತಿ ಆಯಸ್ಸು ಮುಗಿಸಿದರೆ 2030ಕ್ಕೆ ಒಟ್ಟು 17 ಲಕ್ಷ ಟನ್. ಬೇಗ ಕೆಟ್ಟರೆ 80 ಲಕ್ಷ ಟನ್. ಎರಡರ ನಡುವೆ ನಾಲ್ಕೂವರೆ ಪಟ್ಟು ಅಂತರ! ಬೇಗ ಇಳಿಯಲು ಕಾರಣ ಹಲವು. ಸಾಗಿಸುವಾಗ, ಜೋಡಿಸುವಾಗ ಒಡೆಯುತ್ತವೆ. ಹಿಂಬದಿಯ ಹಾಳೆ ಬಿರುಕು ಬಿಟ್ಟು ಒಳಗೆ ನೀರು ಸೇರುತ್ತದೆ. ಅಮೆರಿಕದ ಟೆಕ್ಸಸ್‌ನಲ್ಲಿ 2019ರಲ್ಲಿ ಬಿದ್ದ ಒಂದು ಆಲಿಕಲ್ಲು ಮಳೆ ಒಂದೇ ಸ್ಥಾವರದ ಲಕ್ಷಾಂತರ ಪ್ಯಾನೆಲ್‌ಗಳನ್ನು ಹಾಳುಮಾಡಿತು. ಇನ್ನೊಂದು ಕಾರಣ ಲೆಕ್ಕಾಚಾರದ್ದು. ಹಳೆಯ ಪ್ಯಾನೆಲ್ ಚೆನ್ನಾಗೇ ಕೆಲಸ ಮಾಡುತ್ತಿರುತ್ತದೆ, ಆದರೆ ಅಷ್ಟೇ ಜಾಗದಲ್ಲಿ ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ಕರೆಂಟ್ ಕೊಡುತ್ತದೆ. ಮಾಲೀಕ ಹಳೆಯದನ್ನು ಕಿತ್ತು ಹೊಸದು ಹಾಕುತ್ತಾನೆ. ಪ್ಯಾನೆಲ್ ಅಗ್ಗವಾದಷ್ಟೂ ಈ ಆಸೆ ಬಲಿಯುತ್ತದೆ. ಆದ್ದರಿಂದ '25 ವರ್ಷ ಟೈಮ್ ಇದೆ' ಎಂಬ ನಂಬಿಕೆ ಮೇಲೆ ನೀತಿ ಕಟ್ಟಿದರೆ ಅದು ತಡವಾಗುವುದೇ ಹೆಚ್ಚು.

ಒಳಗೇನಿದೆ

ಸಿಲಿಕಾನ್ ಪ್ಯಾನೆಲ್ ಒಂದರ ತೂಕದಲ್ಲಿ ನೂರಕ್ಕೆ 76 ಪಾಲು ಗಾಜು. ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟು 8 ಪಾಲು. ಅಂಟು ಪದರ ಮತ್ತು ಹಿಂಬದಿಯ ಹಾಳೆ ಸೇರಿ ಪ್ಲಾಸ್ಟಿಕ್ 10 ಪಾಲು. ಸಿಲಿಕಾನ್ 5, ತಾಮ್ರ 1. ಬೆಳ್ಳಿ ಸಾವಿರಕ್ಕೆ ಒಂದು ಪಾಲೂ ಇಲ್ಲ. ಬೆಸುಗೆಯಲ್ಲಿ ಚೂರು ಸೀಸ ಇರುತ್ತದೆ. 20 ಕಿಲೋ ಪ್ಯಾನೆಲ್ ಒಂದನ್ನು ಊಹಿಸಿಕೊಳ್ಳಿ. ಅದರಲ್ಲಿ 15 ಕಿಲೋಗೂ ಹೆಚ್ಚು ಗಾಜು, ಒಂದೂವರೆ ಕಿಲೋ ಅಲ್ಯೂಮಿನಿಯಂ, ಒಂದು ಕಿಲೋ ಸಿಲಿಕಾನ್. ಬೆಳ್ಳಿ ಕೆಲವೇ ಗ್ರಾಂ.

ಬೆಲೆಯ ಲೆಕ್ಕಕ್ಕೆ ಬಂದರೆ ಈ ಪಟ್ಟಿ ತಲೆಕೆಳಗಾಗುತ್ತದೆ. ಗಾಜಿಗೆ ಬೆಲೆ ಇಲ್ಲವೆಂದೇ ಹೇಳಬೇಕು. ಕೆಲವೇ ಗ್ರಾಂ ಬೆಳ್ಳಿ, ಅಲ್ಯೂಮಿನಿಯಂ, ಶುದ್ಧವಾಗಿ ಸಿಕ್ಕಿದರೆ ಸಿಲಿಕಾನ್, ಇವುಗಳಲ್ಲೇ ದುಡ್ಡಿರುವುದು. ಅಪಾಯದ ಲೆಕ್ಕವೂ ಹಾಗೆಯೇ. ಗಾಜಿನಿಂದ ಯಾರಿಗೂ ತೊಂದರೆ ಇಲ್ಲ. ಚೂರು ಸೀಸವೇ ತೊಂದರೆ. ಬೆಲೆ ಇರುವುದೂ ಅಪಾಯ ಇರುವುದೂ ತೂಕ ಇಲ್ಲದ ಕಡೆ. ಮುಂದೆ ಕಾನೂನುಗಳ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ತಾಂತ್ರಿಕವಾಗಿ ದೊಡ್ಡ ತಲೆನೋವು ಅಂಟಿನದು. ಗಾಜು, ಸೌರಕೋಶ, ಹಿಂಬದಿ ಹಾಳೆ ಮೂರನ್ನೂ ಈವಿಎ ಎಂಬ ಪಾರದರ್ಶಕ ಪ್ಲಾಸ್ಟಿಕ್ ಕರಗಿಸಿ ಒಂದು ಮಾಡಿರುತ್ತಾರೆ. 25 ವರ್ಷ ಬಿಸಿಲು ಮಳೆಗೆ ಜಗ್ಗಬಾರದು ಎಂದೇ ಅದನ್ನು ಹಾಗೆ ಮಾಡಿದ್ದು. ಲ್ಯಾಮಿನೇಟ್ ಮಾಡಿಸಿದ ಗುರುತಿನ ಚೀಟಿಯಿಂದ ಕಾಗದವನ್ನು ಹರಿಯದೆ ತೆಗೆಯಲು ಒಮ್ಮೆ ಪ್ರಯತ್ನಿಸಿದವರಿಗೆ ಕಷ್ಟ ಎಂಥದ್ದು ಎಂದು ಗೊತ್ತಿರುತ್ತದೆ.

ಸುಲಭದ ದಾರಿ ಏನೆಂದರೆ ಚೌಕಟ್ಟು ಬಿಚ್ಚುವುದು, ವೈರು ಮತ್ತು ಜಂಕ್ಷನ್ ಬಾಕ್ಸ್ ಕತ್ತರಿಸಿಕೊಳ್ಳುವುದು, ಉಳಿದದ್ದನ್ನು ಪುಡಿ ಮಾಡುವುದು. ಸಿಗುವುದು ಗಾಜು, ಪ್ಲಾಸ್ಟಿಕ್, ಸಿಲಿಕಾನ್ ಎಲ್ಲ ಬೆರೆತ ಪುಡಿ. ಅದು ಹೊಸ ಪ್ಯಾನೆಲ್‌ನ ಗಾಜಾಗಲು ಲಾಯಕ್ಕಲ್ಲ. ರಸ್ತೆಗೋ, ಶಾಖ ತಡೆಯುವ ನಾರಿಗೋ, ಇಲ್ಲ ಹಳ್ಳ ತುಂಬಲಿಕ್ಕೋ ಹೋಗುತ್ತದೆ. ಸೋಲಾರ್ ಗಾಜಿಗೆ ಆಂಟಿಮನಿ ಎಂಬ ಧಾತು ಸೇರಿಸಿರುತ್ತಾರೆ ಎಂಬುದು ಇನ್ನೊಂದು ತೊಡಕು. ಕಿಟಕಿ ಗಾಜು ಮಾಡುವ ಕಾರ್ಖಾನೆಗಳು ಕರಗಿದ ತವರದ ಮೇಲೆ ಗಾಜು ಹರಿಸುತ್ತವೆ, ಅಲ್ಲಿ ಆಂಟಿಮನಿ ಬಂದರೆ ಗಾಜು ಕೆಡುತ್ತದೆ. ಹಾಗಾಗಿ ಅವರು ಇದನ್ನು ಮುಟ್ಟುವುದಿಲ್ಲ.

ಕಷ್ಟದ ದಾರಿಯಲ್ಲಿ ಕಾಯಿಸಿದ ಅಲಗಿನಿಂದ ಗಾಜನ್ನು ಬೇರ್ಪಡಿಸುತ್ತಾರೆ, ಅಥವಾ ಸುಮಾರು 500 ಡಿಗ್ರಿ ಶಾಖದಲ್ಲಿ ಅಂಟನ್ನು ಸುಡುತ್ತಾರೆ. ಉಳಿದ ಸೌರಕೋಶಗಳಿಂದ ಆಮ್ಲದ ಸಹಾಯದಿಂದ ಬೆಳ್ಳಿಯನ್ನೂ ಸಿಲಿಕಾನನ್ನೂ ಎಳೆಯುತ್ತಾರೆ. ಸುಡುವಾಗ ಜೋಪಾನ ಬೇಕು. ಹಿಂಬದಿ ಹಾಳೆಯಲ್ಲಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಇದ್ದರೆ ಹೈಡ್ರೋಜನ್ ಫ್ಲೋರೈಡ್‌ನಂಥ ಅಪಾಯದ ಅನಿಲ ಬರುತ್ತದೆ. ಸರಿಯಾದ ಕಾರ್ಖಾನೆ ಅದನ್ನು ಹಿಡಿದು ತೊಳೆಯುತ್ತದೆ. ಬಯಲಿನಲ್ಲಿ ಬೆಂಕಿ ಹಚ್ಚುವವನು ಅದನ್ನು ಉಸಿರಾಡುತ್ತಾನೆ. ಫ್ರಾನ್ಸಿನ ರೂಸೆಯಲ್ಲಿ 2018ರಲ್ಲಿ ವಿಯೋಲಿಯಾ ಕಂಪನಿ ಸೋಲಾರ್ ಪ್ಯಾನೆಲ್‌ಗೆಂದೇ ಕಾರ್ಖಾನೆ ತೆರೆಯಿತು. ಅದೇ ದೇಶದಲ್ಲಿ 2023ರಲ್ಲಿ ರೋಸಿ ಎಂಬ ಕಂಪನಿ ಬೆಳ್ಳಿ ಮತ್ತು ಶುದ್ಧ ಸಿಲಿಕಾನ್ ತೆಗೆಯುವ ಘಟಕ ಶುರುಮಾಡಿತು. ಅಂದಮೇಲೆ ತಂತ್ರಜ್ಞಾನ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ.

ತಡೆಯುತ್ತಿರುವುದು ಖರ್ಚು. ಅಮೆರಿಕದಲ್ಲಿ 2021ರ ಸುಮಾರಿಗೆ ಬಂದ ಅಂದಾಜುಗಳನ್ನೇ ನೋಡಿ. ಒಂದು ಪ್ಯಾನೆಲ್ ಮರುಬಳಕೆಗೆ 15ರಿಂದ 45 ಡಾಲರ್ ತಗಲುತ್ತದೆ. ನೆಲಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ ಎಸೆದರೆ 1ರಿಂದ 5 ಡಾಲರ್. ಒಳಗಿಂದ ಸಿಗುವ ಮಾಲಿನ ಬೆಲೆ ಈ ಅಂತರವನ್ನು ತುಂಬುವುದಿಲ್ಲ. ಹೀಗಿರುವಾಗ ಕಾನೂನು ಬೇಡ, ಮಾರುಕಟ್ಟೆಯೇ ನೋಡಿಕೊಳ್ಳುತ್ತದೆ ಎನ್ನುವವರು ಈ ನಷ್ಟ ಯಾರ ಜೇಬಿನಿಂದ ಹೋಗಬೇಕು ಎಂದು ಹೇಳಬೇಕಲ್ವಾ?

ಯುರೋಪಿನ ತಕ್ಕಡಿ

ಇದಕ್ಕೆ ಮೊದಲು ಗಟ್ಟಿ ಉತ್ತರ ಕೊಟ್ಟಿದ್ದು ಯುರೋಪಿಯನ್ ಒಕ್ಕೂಟ. 2012ರಲ್ಲಿ, ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಇ-ತ್ಯಾಜ್ಯ ನಿರ್ದೇಶನವನ್ನು ತಿದ್ದಿ ಸೋಲಾರ್ ಪ್ಯಾನೆಲ್‌ಗಳನ್ನೂ ಅದರೊಳಗೆ ಸೇರಿಸಿತು. ಪ್ಯಾನೆಲ್ ಮಾರುಕಟ್ಟೆಗೆ ತಂದವರೇ ಅದರ ಕೊನೆಯ ಖರ್ಚನ್ನೂ ಹೊರಬೇಕು ಎಂಬುದು ಮೂಲ ಸೂತ್ರ. 'ಉತ್ಪಾದಕರ ವಿಸ್ತೃತ ಹೊಣೆ' ಎಂದು ಕಾನೂನಿನ ಭಾಷೆಯಲ್ಲಿ ಹೇಳುವುದು ಇದಕ್ಕೇ. ಕಂಪನಿಗಳು ಒಬ್ಬೊಬ್ಬರೇ ಗಾಡಿ ಕಳಿಸಿ ಹಳೆಯ ಪ್ಯಾನೆಲ್ ತರುವುದು ಆಗದ ಮಾತು. ಹಾಗಾಗಿ ಸೇರಿಕೊಂಡು ಸಂಸ್ಥೆ ಕಟ್ಟಿಕೊಂಡವು. ಪಿವಿ ಸೈಕಲ್ ಎಂಬುದು ಕಾನೂನಿಗಿಂತ ಮುಂಚೆ, 2007ರಲ್ಲೇ ಹುಟ್ಟಿದ ಅಂಥ ಸಂಸ್ಥೆ. ಫ್ರಾನ್ಸಿನಲ್ಲಿ ಹೊಸ ಪ್ಯಾನೆಲ್ ಕೊಳ್ಳುವಾಗಲೇ ಸಣ್ಣದೊಂದು ಪರಿಸರ ಶುಲ್ಕ ಬಿಲ್‌ನಲ್ಲಿ ಸೇರಿರುತ್ತದೆ. ಜರ್ಮನಿಯಲ್ಲಿ ಮನೆ ಬಳಕೆಯ ಪ್ಯಾನೆಲ್ ಮಾರುವವರು, ನಾಳೆ ಕಂಪನಿ ದಿವಾಳಿಯಾದರೂ ವಿಲೇವಾರಿಗೆ ದುಡ್ಡು ಇರುವಂತೆ ಗ್ಯಾರಂಟಿ ಕಟ್ಟಬೇಕು.

ಈ ದಿವಾಳಿಯ ಮಾತು ಕಾಗದದ ಮೇಲಿನ ಭಯ ಅಲ್ಲ. ಸೋಲಾರ್ ಉದ್ಯಮದಷ್ಟು ಬೇಗ ಬೆಳೆದು ಬೇಗ ಬಿದ್ದ ಉದ್ಯಮಗಳು ಕಡಿಮೆ. ಅಮೆರಿಕದ ಸೋಲಿಂಡ್ರಾ 2011ರಲ್ಲಿ ಬಾಗಿಲು ಮುಚ್ಚಿತು. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಸೌರಕೋಶ ತಯಾರಕನಾಗಿದ್ದ ಜರ್ಮನಿಯ ಕ್ಯೂ-ಸೆಲ್ಸ್ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಚೀನಾದ ಸನ್‌ಟೆಕ್‌ನ ಮುಖ್ಯ ಘಟಕದ ಸರದಿ 2013ರಲ್ಲಿ ಬಂತು. ಬೆಲೆ ಕುಸಿದಾಗಲೆಲ್ಲ ಇಂಥ ಹೆಸರುಗಳು ಉದುರುತ್ತವೆ, ಅವರು ಮಾರಿದ ಪ್ಯಾನೆಲ್‌ಗಳು ಮಾತ್ರ ಚಾವಣಿ ಮೇಲೇ ಇರುತ್ತವೆ. 25 ವರ್ಷದ ವಾರಂಟಿ ಕೊಟ್ಟ ಕಂಪನಿ ಐದೇ ವರ್ಷಕ್ಕೆ ಇಲ್ಲವಾಗುವ ಉದ್ಯಮದಲ್ಲಿ, 'ಕೊನೆಗೆ ನಾವೇ ವಾಪಸ್ ತಗೋತೀವಿ' ಎಂಬ ಮಾತಿಗೆ ಎಷ್ಟು ಬೆಲೆ ಕೊಡಬಹುದು? ಮಾರಿದ ದಿನವೇ ದುಡ್ಡನ್ನು ಬೇರೆ ಖಾತೆಯಲ್ಲಿ ಕೂಡಿಸಿಟ್ಟರೆ ಮಾತ್ರ ಆ ಹೊಣೆ ನಿಜವಾದ ಹೊಣೆ.

ಕಾನೂನು ಬರುವ ಮುಂಚೆ ಮಾರಿದ ಪ್ಯಾನೆಲ್‌ಗಳ ಕಥೆ ಏನು? ಈ ಪ್ರಶ್ನೆ ಯುರೋಪಿನ ಅತ್ಯುನ್ನತ ನ್ಯಾಯಾಲಯದ ತನಕ ಹೋಯಿತು. ಜೆಕ್ ದೇಶದ ಒಂದು ಸೌರ ಸ್ಥಾವರ ಕಂಪನಿ ತಕರಾರು ತೆಗೆಯಿತು. ಅಲ್ಲಿನ ಕಾನೂನಿನ ಪ್ರಕಾರ ಹಳೆಯ ಪ್ಯಾನೆಲ್‌ಗಳ ವಿಲೇವಾರಿಗೆ ಸ್ಥಾವರದ ಮಾಲೀಕರು ದುಡ್ಡು ಕಟ್ಟಬೇಕಿತ್ತು. ಯುರೋಪಿನ ನಿರ್ದೇಶನ ನೋಡಿದರೆ ಉತ್ಪಾದಕರು ಕಟ್ಟಬೇಕು ಎನ್ನುತ್ತದೆ. ಹಾಗಾದರೆ ನಾನು ಯಾಕೆ ಕಟ್ಟಬೇಕು ಎಂಬುದು ಕಂಪನಿಯ ವಾದ. 2022ರ ಜನವರಿಯಲ್ಲಿ ತೀರ್ಪು ಬಂತು. 2012ರ ಆಗಸ್ಟ್ 13ಕ್ಕಿಂತ ಮುಂಚೆ ಮಾರುಕಟ್ಟೆಗೆ ಬಂದ ಪ್ಯಾನೆಲ್‌ಗಳ ಖರ್ಚನ್ನು ಹಿಂದಿನಿಂದ ಉತ್ಪಾದಕರ ತಲೆಗೆ ಕಟ್ಟುವಂತಿಲ್ಲ, ಮಾರುವಾಗ ಇಲ್ಲದ ಹೊಣೆಯನ್ನು ಆಮೇಲೆ ಹೊರಿಸುವುದು ಸರಿಯಲ್ಲ ಎಂದಿತು ನ್ಯಾಯಾಲಯ. 2024ರಲ್ಲಿ ನಿರ್ದೇಶನವನ್ನು ಅದಕ್ಕೆ ತಕ್ಕಂತೆ ತಿದ್ದಿದರು.

ನನಗೆ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸುವ ತೀರ್ಪು ಇದೇ. ನೀತಿ ತಡವಾದಷ್ಟು ಕಾಲವೂ ಮಾರಾಟವಾದ ಪ್ಯಾನೆಲ್‌ಗಳು ಅನಾಥವಾಗುತ್ತವೆ, ಆಮೇಲೆ ಅವುಗಳಿಗೆ ಅಪ್ಪ ಅಮ್ಮನನ್ನು ಹುಡುಕಿಕೊಡಲು ಕೋರ್ಟಿಗೂ ಆಗುವುದಿಲ್ಲ. ಯುರೋಪಿನಲ್ಲಿ ಬೇರೆ ಕಾನೂನು ವ್ಯವಸ್ಥೆ, ಬೇರೆ ಕಡೆ ಬೇರೆ, ನಿಜ. ಆದರೆ ಹಿಂದಿನ ಮಾರಾಟಕ್ಕೆ ಇಂದು ದಂಡ ಹಾಕಲು ಹೊರಟರೆ ಎಲ್ಲ ಕಡೆಯೂ ಇದೇ ವಾದ ಎದುರಾಗುತ್ತದೆ.

ಯುರೋಪಿನ ಕಾನೂನಿನಲ್ಲಿ ಒಂದು ದೊಡ್ಡ ಓಟೆಯೂ ಇದೆ. 2018ರಿಂದ ಅದು ಹೇಳುವ ಗುರಿ ಹೀಗಿದೆ: ಸಂಗ್ರಹಿಸಿದ ಪ್ಯಾನೆಲ್‌ಗಳ ತೂಕದಲ್ಲಿ ನೂರಕ್ಕೆ 85ರಷ್ಟನ್ನು ಯಾವುದಾದರೂ ರೀತಿಯಲ್ಲಿ ವಾಪಸ್ ಪಡೆಯಬೇಕು, 80ರಷ್ಟು ಮರುಬಳಕೆಗೋ ಮರುಸಂಸ್ಕರಣೆಗೋ ಹೋಗಬೇಕು. ಈಗ ಮೇಲಿನ ಅಂಕಿ ನೆನಪಿಸಿಕೊಳ್ಳಿ. ಗಾಜು 76, ಅಲ್ಯೂಮಿನಿಯಂ 8. ಕೂಡಿದರೆ 84. ಬೆಳ್ಳಿ, ಸಿಲಿಕಾನ್, ಸೀಸ ಯಾವುದನ್ನೂ ಮುಟ್ಟದೆ 80ರ ಗುರಿ ಮುಟ್ಟಬಹುದು! ಗಾಜನ್ನು ಪುಡಿ ಮಾಡಿ ಅಗ್ಗದ ಕೆಲಸಕ್ಕೆ ಕಳಿಸಿ, ಚೌಕಟ್ಟನ್ನು ಕರಗಿಸಿದರೆ ಆ 80ರ ಗುರಿಯಲ್ಲಿ ಪಾಸ್. ತಕ್ಕಡಿಯಲ್ಲಿ ತೂಗಿ ಅಂಕ ಕೊಟ್ಟರೆ ಕಾರ್ಖಾನೆಗಳು ತೂಕದ ಮಾಲನ್ನೇ ತೆಗೆಯುತ್ತವೆ. ಬೆಳ್ಳಿ ತೆಗೆಯಲು ಖರ್ಚು ಮಾಡಿದವನಿಗೂ ಮಾಡದವನಿಗೂ ಒಂದೇ ಸರ್ಟಿಫಿಕೇಟ್.

ಬೇರೆ ಬೇರೆ ದೇಶ, ಬೇರೆ ಬೇರೆ ಗಂಟು

ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಸೋಲಾರ್ ಪ್ಯಾನೆಲ್ ಮರುಬಳಕೆ ಕಾನೂನು ಇಲ್ಲ. ಎಸೆದ ಪ್ಯಾನೆಲ್ ಅಪಾಯಕಾರಿ ತ್ಯಾಜ್ಯವೋ ಸಾದಾ ಕಸವೋ ಎಂದು ಪರೀಕ್ಷೆ ಮಾಡಿ ತೀರ್ಮಾನಿಸಬೇಕು. ಪ್ಯಾನೆಲ್‌ನ ತುಣುಕನ್ನು ಆಮ್ಲೀಯ ದ್ರವದಲ್ಲಿ ಕಲಕಿ ಎಷ್ಟು ಸೀಸ ಬಿಟ್ಟಿತು ಎಂದು ನೋಡುವ ಪರೀಕ್ಷೆ ಅದು. ತುಣುಕನ್ನು ಯಾವ ಜಾಗದಿಂದ ಕತ್ತರಿಸಿದಿರಿ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ. ಬೆಸುಗೆ ಇರುವ ಕಡೆ ಕತ್ತರಿಸಿದರೆ ಫೇಲ್, ಬರೀ ಗಾಜು ಇರುವ ಕಡೆ ಕತ್ತರಿಸಿದರೆ ಪಾಸ್. ಈ ಗೊಂದಲ ತಪ್ಪಿಸಲು ಕ್ಯಾಲಿಫೋರ್ನಿಯಾ 2021ರ ಜನವರಿಯಿಂದ ಪ್ಯಾನೆಲ್‌ಗಳನ್ನು ಬ್ಯಾಟರಿ, ಟ್ಯೂಬ್‌ಲೈಟ್‌ಗಳ ಗುಂಪಿಗೆ ಸೇರಿಸಿತು. ಆ ಗುಂಪಿಗೆ ಸಂಗ್ರಹ ಮತ್ತು ಸಾಗಾಟದ ನಿಯಮ ಸಡಿಲ. ದೇಶಮಟ್ಟದಲ್ಲೂ ಹಾಗೇ ಮಾಡುವುದಾಗಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಪ್ರಕಟಿಸಿತು.

ಉತ್ಪಾದಕರೇ ವಾಪಸ್ ತೆಗೆದುಕೊಳ್ಳಬೇಕು ಎಂದು ಅಮೆರಿಕದಲ್ಲಿ ಮೊದಲು ಹೇಳಿದ ರಾಜ್ಯ ವಾಷಿಂಗ್ಟನ್, 2017ರಲ್ಲಿ. ಒಳ್ಳೆಯ ಕಾನೂನು. ಜಾರಿಯ ದಿನಾಂಕವನ್ನು ಮಾತ್ರ ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರು. ಒಂದೇ ರಾಜ್ಯದ ಮಾರುಕಟ್ಟೆಗಾಗಿ ವ್ಯವಸ್ಥೆ ಕಟ್ಟುವುದಕ್ಕಿಂತ ಆ ರಾಜ್ಯಕ್ಕೆ ಮಾರುವುದನ್ನೇ ಬಿಡುತ್ತೇವೆ ಎನ್ನುವ ಅವಕಾಶ ಕಂಪನಿಗಳಿಗೆ ಇರುತ್ತದೆ. ಚಿಕ್ಕ ಪ್ರದೇಶವೊಂದು ಒಂಟಿಯಾಗಿ ಇಂಥ ಕಾನೂನು ಮಾಡಿದಾಗ ಆಗುವ ತೊಂದರೆ ಇದು.

ಜಪಾನ್ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ 2012ರಿಂದ ಸೋಲಾರ್ ಕರೆಂಟಿಗೆ ನಿಗದಿತ ದರ ಕೊಡುವ ಯೋಜನೆ ಬಂತು. ಸ್ಥಾವರಗಳು ಅಣಬೆಯಂತೆ ಎದ್ದವು. 20 ವರ್ಷದ ಒಪ್ಪಂದ ಮುಗಿದ ಮೇಲೆ ಮಾಲೀಕರು ಪ್ಯಾನೆಲ್‌ಗಳನ್ನು ಹಾಗೇ ಬಿಟ್ಟುಹೋದರೆ? ಆ ಭಯಕ್ಕೆ 2022ರ ಜುಲೈಯಿಂದ ಹೊಸ ನಿಯಮ ತಂದರು. 10 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಸ್ಥಾವರಗಳಿಗೆ ಕೊಡುವ ಕರೆಂಟಿನ ದುಡ್ಡಿನಲ್ಲೇ ಸ್ವಲ್ಪ ಹಿಡಿದುಕೊಂಡು, ಒಪ್ಪಂದದ ಕೊನೆಯ 10 ವರ್ಷ ಬೇರೆ ನಿಧಿಗೆ ಹಾಕುವುದು. ಪ್ಯಾನೆಲ್ ಬಿಚ್ಚಿದ ಮೇಲೆ ಆ ದುಡ್ಡು ವಾಪಸ್. ಮಾಲೀಕನ ಸಜ್ಜನಿಕೆಯನ್ನು ನಂಬಿ ಕೂರಬೇಕಿಲ್ಲ, ದುಡ್ಡು ಅವನ ಕೈಗೆ ಹೋಗುವ ಮುಂಚೆಯೇ ಕಡಿತ. ಚಾವಣಿಯ ಸಣ್ಣ ವ್ಯವಸ್ಥೆಗಳು ಇದರಿಂದ ಹೊರಗಿವೆ ಎಂಬುದು ಕೊರತೆ. ಅದೂ ಅಲ್ಲದೆ ಇದು ಬಿಚ್ಚುವ ಖರ್ಚಿಗೆ ಮಾತ್ರ ಖಾತರಿ, ಬಿಚ್ಚಿದ್ದು ಒಳ್ಳೆಯ ಕಾರ್ಖಾನೆಗೇ ಹೋಗುತ್ತದೆ ಎಂಬುದಕ್ಕಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2019ರ ಜುಲೈಯಿಂದ ಪ್ಯಾನೆಲ್‌ಗಳನ್ನು ನೆಲಭರ್ತಿಗೆ ಹಾಕುವುದನ್ನೇ ನಿಷೇಧಿಸಿತು. ದಕ್ಷಿಣ ಕೊರಿಯಾ 2023ರಿಂದ ಉತ್ಪಾದಕರ ಹೊಣೆಯ ಪಟ್ಟಿಗೆ ಸೇರಿಸಿತು. ಜಗತ್ತಿನ ಪ್ಯಾನೆಲ್‌ಗಳಲ್ಲಿ ಬಹುಪಾಲು ತಯಾರಿಸುವ ಚೀನಾ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, 2030ಕ್ಕೆ ಮರುಬಳಕೆಯ ಪೂರ್ತಿ ವ್ಯವಸ್ಥೆ ಕಟ್ಟುವುದಾಗಿ ಹೇಳಿದೆ. ಚೀನಾ ವಿನ್ಯಾಸ ಬದಲಿಸಿದರೆ ಜಗತ್ತಿನ ಪ್ಯಾನೆಲ್ ಬದಲಾಗುತ್ತದೆ. ಹಾಗಾಗಿ ಬಿಚ್ಚಲು ಸುಲಭವಾದ ಪ್ಯಾನೆಲ್ ಬರುವುದಾದರೆ ಒತ್ತಾಯ ಅಲ್ಲಿಂದಲೇ ಬರಬೇಕು.

ಭಾರತದ ಇ-ತ್ಯಾಜ್ಯ ನಿಯಮಗಳು 2022ರ ನವೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಾದವು. ಸೋಲಾರ್ ಪ್ಯಾನೆಲ್‌ಗೆ ಅದರಲ್ಲಿ ಬೇರೆಯೇ ಅಧ್ಯಾಯ ಇದೆ. ತಯಾರಕರು, ಆಮದುದಾರರು ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು, ಲೆಕ್ಕ ಕೊಡಬೇಕು. 2034-35ರವರೆಗೆ ಬರುವ ಪ್ಯಾನೆಲ್ ತ್ಯಾಜ್ಯವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿಯಂತೆ ಸಂಗ್ರಹಿಸಿ ಇಡಬೇಕು. ಫ್ರಿಜ್, ಟಿವಿ, ಫೋನ್‌ಗಳಿಗಾದರೆ ಇಷ್ಟು ಪಾಲು ಮರುಬಳಕೆ ಆಗಲೇಬೇಕು ಎಂಬ ಗುರಿ ಇದೆ, 2023-24ಕ್ಕೆ ನೂರಕ್ಕೆ 60ರಿಂದ ಶುರುವಾಗಿ 80ರ ತನಕ ಏರುತ್ತದೆ. ಪ್ಯಾನೆಲ್‌ಗೆ ಅಂಥ ಗುರಿ ಇಟ್ಟಿಲ್ಲ.

'ಕೂಡಿಡಿ' ಎಂಬುದರ ಹಿಂದೆ ತರ್ಕ ಇಲ್ಲದಿಲ್ಲ. ಮಾಲು ಒಂದು ಮಟ್ಟಕ್ಕೆ ಬರುವ ತನಕ ಕಾದರೆ ಕಾರ್ಖಾನೆಗೆ ಹೊಟ್ಟೆ ತುಂಬುತ್ತದೆ. ಆದರೆ ಕೂಡಿಡುವುದಕ್ಕೂ ಜಾಗ, ಸೂರು, ಕಾವಲು ಬೇಕು. ಒಡೆದ ಪ್ಯಾನೆಲ್ ಹತ್ತು ವರ್ಷ ಮಳೆಯಲ್ಲಿ ನೆನೆದರೆ ಸೀಸ ಮಣ್ಣಿಗೆ ಇಳಿಯಬಹುದು. ಅದಕ್ಕಿಂತ ದೊಡ್ಡ ವಿಷಯ, ಕೂಡಿಡುವ ಮುಂಚೆಯೇ ಗುಜರಿಯವರು ಬರುತ್ತಾರೆ. ಚೌಕಟ್ಟಿಗೂ ವೈರಿಗೂ ಸ್ಥಳದಲ್ಲೇ ಕಾಸು ಸಿಗುತ್ತದೆ. ಅದೆರಡನ್ನು ಕಿತ್ತ ಮೇಲೆ ಉಳಿಯುವ ಗಾಜಿನ ಹಲಗೆಯನ್ನು ಮರುಬಳಕೆ ಕಾರ್ಖಾನೆ ಕೊಳ್ಳುವುದಿಲ್ಲ, ಕೊಂಡರೂ ಇನ್ನಷ್ಟು ದುಡ್ಡು ಕೇಳುತ್ತದೆ. ಗುಜರಿಯವರನ್ನು ಬೈದು ಪ್ರಯೋಜನ ಇಲ್ಲ. ಮನೆ ಮನೆಗೆ ಹೋಗಿ ತರುವ ಜಾಲ ಇರುವುದು ಅವರದ್ದೊಂದೇ. ಇಡೀ ಪ್ಯಾನೆಲ್ ತಂದುಕೊಟ್ಟರೆ ಚೌಕಟ್ಟಿನ ಬೆಲೆಗಿಂತ ಹೆಚ್ಚು ಸಿಗುವಂತೆ ಮಾಡಿದರೆ ಅದೇ ಜಾಲ ಕಾರ್ಖಾನೆಯ ಬಾಗಿಲಿಗೆ ಬರುತ್ತದೆ. ಆ ಹೆಚ್ಚಿನ ದುಡ್ಡು ಎಲ್ಲಿಂದ ಎಂದರೆ, ಮತ್ತೆ ಮಾರಾಟದ ದಿನ ಹಿಡಿದಿಟ್ಟ ಶುಲ್ಕದಿಂದಲೇ.

ಭಾರತದ ಮಟ್ಟಿಗೆ ರಾಶಿ ಎಷ್ಟಾಗುತ್ತದೆ ಎಂಬ ಅಂದಾಜೂ ಇದೆ. ಸಿಇಇಡಬ್ಲ್ಯೂ ಎಂಬ ಚಿಂತನ ಸಂಸ್ಥೆ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ 2030ಕ್ಕೆ ಒಟ್ಟು 6 ಲಕ್ಷ ಟನ್, 2050ಕ್ಕೆ ಸುಮಾರು 1.9 ಕೋಟಿ ಟನ್. ಈಗಾಗಲೇ ಅಳವಡಿಸಿದ ಪ್ಯಾನೆಲ್‌ಗಳಿಂದ 2030ರೊಳಗೆ ಬರುವ ತ್ಯಾಜ್ಯದಲ್ಲಿ ಮೂರನೇ ಎರಡು ಪಾಲು ರಾಜಸ್ಥಾನ, ಗುಜರಾತ್, ಕರ್ನಾಟಕ, ತಮಿಳುನಾಡು, ಆಂಧ್ರ ಪ್ರದೇಶ ಈ ಐದೇ ರಾಜ್ಯಗಳದ್ದು. ಕಸ ಐದು ಕಡೆ ಗುಂಪಾಗಿರುವುದು ಒಂದು ರೀತಿ ಅನುಕೂಲವೇ. ಭಾರವಾದ ಗಾಜನ್ನು ಸಾವಿರಾರು ಕಿಲೋಮೀಟರ್ ಸಾಗಿಸುವುದೇ ದೊಡ್ಡ ಖರ್ಚು. ಕಾರ್ಖಾನೆಯನ್ನು ರಾಶಿಯ ಹತ್ತಿರ ಕಟ್ಟಿದರೆ ಆ ಖರ್ಚು ಇಳಿಯುತ್ತದೆ.

ಬೆಳ್ಳಿ ಕರಗುತ್ತಿದೆ

ಇಲ್ಲಿ ಒಂದು ವಿಚಿತ್ರ ಇದೆ, ನೀತಿ ಮಾಡುವವರು ಇದನ್ನು ಇನ್ನೂ ಸರಿಯಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ. ಬೆಳ್ಳಿ ದುಬಾರಿ. ಹಾಗಾಗಿ ಪ್ಯಾನೆಲ್ ತಯಾರಕರು ವರ್ಷ ವರ್ಷ ಒಂದು ವ್ಯಾಟ್‌ಗೆ ಬಳಸುವ ಬೆಳ್ಳಿಯನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ. ಅದರ ಜಾಗಕ್ಕೆ ತಾಮ್ರ ತರುವ ಕೆಲಸವೂ ನಡೆದಿದೆ. ಪ್ಯಾನೆಲ್ ಅಗ್ಗವಾಗಲು ಇದು ಒಳ್ಳೆಯದು. ಮರುಬಳಕೆಗೆ ಕೆಟ್ಟದ್ದು. ಇಂದು ಕೆಳಗಿಳಿಯುತ್ತಿರುವ ಹಳೆಯ ಪ್ಯಾನೆಲ್‌ಗಳಲ್ಲಿ ಬೆಳ್ಳಿ ಜಾಸ್ತಿ, ಇಂದು ಮೇಲೇರುತ್ತಿರುವ ಹೊಸವುಗಳಲ್ಲಿ ಕಡಿಮೆ. ಎರಡೂ ಬದಿ ಗಾಜು ಇರುವ ಹೊಸ ವಿನ್ಯಾಸಗಳಲ್ಲಿ ತೂಕದ ಪಾಲು ಇನ್ನಷ್ಟು ಗಾಜಿನ ಕಡೆ ವಾಲಿದೆ. '2050ಕ್ಕೆ ಹಳೆಯ ಪ್ಯಾನೆಲ್‌ಗಳಲ್ಲಿ 1,500 ಕೋಟಿ ಡಾಲರ್‌ಗೂ ಹೆಚ್ಚಿನ ಮಾಲು ಇರುತ್ತದೆ' ಎಂಬ ಐರಿನಾದ ಅಂದಾಜನ್ನು ನಂಬಿ, ಲಾಭದ ಆಸೆಗೆ ಮಾರುಕಟ್ಟೆಯೇ ಓಡಿಬರುತ್ತದೆ ಎಂದುಕೊಳ್ಳುವುದು ಅಪಾಯ. ರಾಶಿ ದೊಡ್ಡದಾದಷ್ಟೂ ಪ್ರತಿ ಪ್ಯಾನೆಲ್‌ನ ಒಳಗಿನ ಬೆಲೆ ಇಳಿಯುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಹೊರತಾದ ಒಂದು ಉದಾಹರಣೆ ಅಮೆರಿಕದ ಫಸ್ಟ್ ಸೋಲಾರ್. ಅದು ಮಾಡುವುದು ಸಿಲಿಕಾನ್ ಪ್ಯಾನೆಲ್ ಅಲ್ಲ, ಕ್ಯಾಡ್ಮಿಯಂ ಟೆಲ್ಯುರೈಡ್‌ನ ತೆಳು ಪದರದ್ದು. ಕ್ಯಾಡ್ಮಿಯಂ ವಿಷ, ಟೆಲ್ಯೂರಿಯಂ ಅಪರೂಪ. ಜನರ ಭಯವನ್ನೂ ಕಚ್ಚಾ ಮಾಲಿನ ಕೊರತೆಯನ್ನೂ ಒಟ್ಟಿಗೆ ಎದುರಿಸಬೇಕಿತ್ತು. ಹಾಗಾಗಿ 2005ರಿಂದಲೇ ಅದು ಸ್ವಂತ ಮರುಬಳಕೆ ನಡೆಸುತ್ತಿದೆ, ನೂರಕ್ಕೆ 90ಕ್ಕೂ ಹೆಚ್ಚು ಮಾಲು ವಾಪಸ್ ಸಿಗುತ್ತದೆ ಎನ್ನುತ್ತದೆ. ತಾನು ಮಾಡಿದ ಒಂದೇ ಬಗೆಯ ಪ್ಯಾನೆಲ್ ತನಗೇ ವಾಪಸ್ ಬಂದಾಗ ಕೆಲಸ ಎಷ್ಟು ಸಲೀಸು ನೋಡಿ. ಸಿಲಿಕಾನ್ ಲೋಕದಲ್ಲಿ ನೂರಾರು ಕಂಪನಿ, ನೂರಾರು ಬಗೆಯ ಅಂಟು ಮತ್ತು ಹಾಳೆ. ಕಾರ್ಖಾನೆಗೆ ಬಂದ ಲೋಡಿನಲ್ಲಿ ಏನಿದೆ ಎಂದು ಬಿಚ್ಚುವ ತನಕ ಗೊತ್ತಿರುವುದಿಲ್ಲ.

ಇನ್ನು ಮರುಬಳಕೆಗೂ ಮುಂಚಿನ ಒಂದು ದಾರಿ, ಸೆಕೆಂಡ್ ಹ್ಯಾಂಡ್. ಒಳ್ಳೆಯ ಪ್ಯಾನೆಲ್ ವರ್ಷಕ್ಕೆ ನೂರಕ್ಕೆ ಅರ್ಧ ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 15 ವರ್ಷಕ್ಕೆ ಕಿತ್ತರೂ ಅದರಲ್ಲಿ 90ಕ್ಕೂ ಹೆಚ್ಚು ಪಾಲು ಉಳಿದಿರುತ್ತದೆ. ಶ್ರೀಮಂತ ದೇಶ ಬೇಡವೆಂದದ್ದು ಬಡ ದೇಶದ ನೀರೆತ್ತುವ ಪಂಪ್ ಓಡಿಸಬಹುದು. ಕಷ್ಟ ಏನೆಂದರೆ, ಅದೇ ಕಂಟೇನರ್‌ನಲ್ಲಿ ಸತ್ತ ಪ್ಯಾನೆಲ್‌ಗಳನ್ನೂ 'ಬಳಸಿದ ಮಾಲು' ಎಂಬ ಹೆಸರಿನಲ್ಲಿ ತುಂಬಿ ಕಳಿಸಬಹುದು. ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದಕ್ಕೆ ಕಡಿವಾಣ ಹಾಕುವ ಬಾಸೆಲ್ ಒಪ್ಪಂದದ ತಿದ್ದುಪಡಿ 2025ರ ಜನವರಿ 1ರಿಂದ ಜಾರಿಯಾಗಿದೆ. ಅಪಾಯಕಾರಿ ಇರಲಿ ಬಿಡಲಿ, ಯಾವ ಇ-ತ್ಯಾಜ್ಯವನ್ನೂ ಪಡೆಯುವ ದೇಶದ ಮುಂಚಿತ ಒಪ್ಪಿಗೆ ಇಲ್ಲದೆ ಸಾಗಿಸುವಂತಿಲ್ಲ. ಆದರೂ ಕಸ ಎಲ್ಲಿ ಮುಗಿದು ಸೆಕೆಂಡ್ ಹ್ಯಾಂಡ್ ಎಲ್ಲಿ ಶುರು ಎಂಬ ಗೆರೆ ಬಂದರಿನ ಅಧಿಕಾರಿಗೆ ಬರಿಗಣ್ಣಿಗೆ ಕಾಣುವುದಿಲ್ಲ. ಸತ್ತ ಪ್ಯಾನೆಲ್‌ಗೂ ಬದುಕಿದ ಪ್ಯಾನೆಲ್‌ಗೂ ಮುಖ ಒಂದೇ. ಪ್ರತಿ ಪ್ಯಾನೆಲ್ ಪರೀಕ್ಷಿಸಿದ ಚೀಟಿ ಇದ್ದರೆ ಮಾತ್ರ ಸೆಕೆಂಡ್ ಹ್ಯಾಂಡ್, ಇಲ್ಲದಿದ್ದರೆ ಕಸ ಎಂಬ ನಿಯಮ ಬೇಕು.

ಹಾಗಾದರೆ ಇನ್ನೂ ನಿಯಮ ಬರೆಯಬೇಕಾದ ದೇಶ ಏನು ಮಾಡಬೇಕು? ಯುರೋಪಿನಿಂದ ಉತ್ಪಾದಕರ ಹೊಣೆಯನ್ನು ತೆಗೆದುಕೊಳ್ಳಲಿ, ತೂಕದ ತಕ್ಕಡಿಯನ್ನು ಬಿಡಲಿ. ಭಾರತದ ಇ-ತ್ಯಾಜ್ಯ ವ್ಯವಸ್ಥೆಯಲ್ಲಿ ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಷ್ಟು ಸಿಕ್ಕಿತು ಎಂದು ಲೋಹದ ಲೆಕ್ಕದಲ್ಲಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಈಗಾಗಲೇ ಇದೆ. ಪ್ಯಾನೆಲ್‌ಗೆ ಅದನ್ನು ಹೊಂದಿಸಿ ಬೆಳ್ಳಿ, ಸಿಲಿಕಾನ್, ಸೀಸದ ಹೆಸರು ಸೇರಿಸುವುದು ದೊಡ್ಡ ಕೆಲಸವೇನಲ್ಲ. ಜಪಾನಿನಿಂದ ಮುಂಚಿತ ಕಡಿತವನ್ನು ಕಲಿಯಲಿ, ಚಾವಣಿಯ ಪ್ಯಾನೆಲ್‌ಗಳಿಗೆ ಅದನ್ನು ಮಾರಾಟದ ಬಿಲ್‌ನಲ್ಲೇ ಸೇರಿಸಲಿ. ಪ್ಯಾನೆಲ್‌ನ ಬೆಲೆ ಇಷ್ಟು ಇಳಿದಿರುವ ಕಾಲದಲ್ಲಿ ಚಿಕ್ಕ ಶುಲ್ಕ ಕೊಳ್ಳುವವರಿಗೆ ಅಷ್ಟಾಗಿ ಚುಚ್ಚುವುದಿಲ್ಲ. ಇಪ್ಪತ್ತು ವರ್ಷ ಆದ ಮೇಲೆ ಯಾರೋ ಒಬ್ಬರ ಬಾಗಿಲಿಗೆ ಒಟ್ಟಿಗೆ ಬಿಲ್ ಕಳಿಸಿದರೆ ಖಂಡಿತ ಚುಚ್ಚುತ್ತದೆ, ಅವರು ಕಟ್ಟುವುದೂ ಇಲ್ಲ.

ಇನ್ನೊಂದು ಅಗ್ಗದ ಕೆಲಸ ಉಳಿದಿದೆ. ಪ್ಯಾನೆಲ್‌ನ ಒಳಗೆ ಏನೇನಿದೆ ಎಂಬ ವಿವರ: ಬೆಸುಗೆಯಲ್ಲಿ ಸೀಸ ಇದೆಯೇ, ಗಾಜಿನಲ್ಲಿ ಆಂಟಿಮನಿ ಎಷ್ಟು, ಹಿಂಬದಿ ಹಾಳೆಯಲ್ಲಿ ಫ್ಲೋರಿನ್ ಇದೆಯೇ, ಬೆಳ್ಳಿ ಎಷ್ಟು ಗ್ರಾಂ. ಬಿಚ್ಚುವ ಕಾರ್ಖಾನೆಗೆ ಬೇಕಾದದ್ದು ಈ ನಾಲ್ಕು ಸಾಲು. ಹಿಂಬದಿಗೆ ಅಂಟಿಸಿದ ಕಾಗದದ ಲೇಬಲ್ 25 ವರ್ಷದ ಬಿಸಿಲಿಗೆ ಉಳಿಯುವುದಿಲ್ಲ. ಆದರೆ ಬಹಳಷ್ಟು ತಯಾರಕರು ಸೀರಿಯಲ್ ನಂಬರಿನ ಬಾರ್‌ಕೋಡನ್ನು ಗಾಜಿನ ಒಳಗೇ, ಅಂಟಿನ ಪದರದಲ್ಲಿ ಸೇರಿಸುತ್ತಾರೆ. ನಂಬರ್ ಇದೆ. ಆ ನಂಬರಿಗೆ ಈ ವಿವರ ಜೋಡಿಸಿ, ಕಂಪನಿ ಮುಚ್ಚಿದರೂ ಉಳಿಯುವಂತೆ ಸರ್ಕಾರದ ಪೋರ್ಟಲ್‌ನಲ್ಲಿ ಹಾಕಿ ಎಂದು ಇಂದಿನಿಂದಲೇ ಹೇಳಬಹುದು. ನೋಂದಣಿಯ ಪೋರ್ಟಲ್ ಹೇಗೂ ಇದೆಯಲ್ಲ, ಅದರಲ್ಲಿ ನಾಲ್ಕು ಕಾಲಂ ಹೆಚ್ಚಿಸಿದರೆ ಆಯಿತು.